ಹಗಲು ಗೆದ್ದ ದ್ವೀಪಕ್ಕೆ ಸಂಜೆಯ ಚಿಂತೆ: ಕವಾಯಿಯ ಸೌರ ವಿದ್ಯುತ್ ಬೆಳೆದ ಬಗೆ

ಪಾವಗಡದಲ್ಲಿ ಹೊತ್ತು ಮುಳುಗಿದರೆ ನಮಗೆ ಶರಾವತಿ ಇದೆ, ರಾಯಚೂರು ಇದೆ, ಸಾಲದಿದ್ದರೆ ಹೊರರಾಜ್ಯದಿಂದ ಬರುವ ಲೈನ್ ಇದೆ. ಹವಾಯಿ ರಾಜ್ಯದ ಕವಾಯಿಗೆ ಆ ಅನುಕೂಲ ಇಲ್ಲ. ಎಪ್ಪತ್ತು ಸಾವಿರ ಚಿಲ್ಲರೆ ಜನರ ಈ ದ್ವೀಪಕ್ಕೆ ಪಕ್ಕದ ಓವಾಹುವಿನಿಂದ ಒಂದು ಕೇಬಲ್ಲೂ ಬಂದಿಲ್ಲ. ಬೇಕಾದ ಕರೆಂಟನ್ನು ಬೇಕಾದ ಕ್ಷಣದಲ್ಲಿ ಅಲ್ಲೇ ಹುಟ್ಟಿಸಿಕೊಳ್ಳಬೇಕು.

ಬಹುಕಾಲ ಅದು ಹಡಗಿನಲ್ಲಿ ಬಂದ ಎಣ್ಣೆಯಿಂದಲೇ ಹುಟ್ಟುತ್ತಿತ್ತು. 2002ರಲ್ಲಿ ದ್ವೀಪದ ಬಳಕೆದಾರರೇ ಸಹಕಾರ ಸಂಘ ಕಟ್ಟಿಕೊಂಡು, 21.5 ಕೋಟಿ ಡಾಲರ್ ಕೊಟ್ಟು ವಿದ್ಯುತ್ ಕಂಪನಿಯನ್ನು ಕೊಂಡರು. ನಮ್ಮ ಹುಕ್ಕೇರಿಯಲ್ಲಿರುವಂಥದ್ದೇ ಸಂಘ ಎನ್ನಿ. 2008ರಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 140 ಡಾಲರ್ ದಾಟಿದಾಗ ಅದರ ಬಿಸಿ ನೇರ ಸದಸ್ಯರ ಬಿಲ್ಲಿಗೇ ತಟ್ಟಿತು. 2023ರೊಳಗೆ ಅರ್ಧದಷ್ಟು ವಿದ್ಯುತ್ ನವೀಕರಿಸಬಹುದಾದ ಮೂಲದಿಂದ ಬರಬೇಕೆಂದು ಸಂಘ ಗುರಿ ಇಟ್ಟುಕೊಂಡಿತು.

ಪ್ಯಾನೆಲ್ ಹಾಕುವುದು ಸುಲಭದ ಭಾಗ. 2012ರಲ್ಲಿ ಪೋರ್ಟ್ ಅಲೆನ್ ಬಳಿ 6 ಮೆಗಾವಾಟ್, 2014ರಲ್ಲಿ ಕೊಲೋವಾದಲ್ಲಿ 12, ಮರುವರ್ಷ ಅನಹೋಲಾದಲ್ಲಿ ಇನ್ನೊಂದು 12. ಪಾವಗಡದ 2,050ರ ಮುಂದೆ ಇದು ಚಿಲ್ಲರೆಯೇ, ಆದರೆ ಇಡೀ ದ್ವೀಪದ ಸಂಜೆಯ ಗರಿಷ್ಠ ಬೇಡಿಕೆಯೇ ಸುಮಾರು 75 ಮೆಗಾವಾಟ್. ಕೊಲೋವಾ ಹವಾಯಿಯ ಕಬ್ಬಿನ ಉದ್ಯಮ ಕಣ್ಣುಬಿಟ್ಟ ಊರು. ಈಗ ಅಲ್ಲಿ ಪ್ಯಾನೆಲ್‌ಗಳ ನಡುವೆ ಕುರಿಗಳು ಹುಲ್ಲು ಮೇಯುತ್ತವೆ.

ತಲೆನೋವು ಮೋಡದ್ದು. ಕವಾಯಿಯ ನಡುವಿನ ವಾಯಲೆಯಲೆ ಬೆಟ್ಟದಲ್ಲಿ ನಮ್ಮ ಆಗುಂಬೆಯನ್ನೂ ಮೀರಿಸುವ ಮಳೆ. ಗಾಳಿಗೆ ಓಡಿಬರುವ ಒಂದು ತುಂಡು ಮೋಡ ಪ್ಯಾನೆಲ್‌ಗಳ ಮೇಲೆ ಹಾದರೆ ನಿಮಿಷದೊಳಗೆ ಉತ್ಪಾದನೆ ನೆಲಕಚ್ಚುತ್ತದೆ. ಮೊದಲ ಬ್ಯಾಟರಿಗಳು ಈ ಏಟು ತಡೆಯುವುದಕ್ಕಷ್ಟೇ ಇದ್ದವು. ಇನ್ನು ಬಿಸಿಲು ಜೋರಾದ ಮಧ್ಯಾಹ್ನ ಬೇಡಿಕೆಯ ಬಹುಪಾಲನ್ನು ತುಂಬುವಷ್ಟು ಕರೆಂಟು, ಸಂಜೆ ಎಲ್ಲರೂ ದೀಪ ಹಚ್ಚುವ ಹೊತ್ತಿಗೆ ಸೊನ್ನೆ. ಹಗಲಿಗೆ ಇನ್ನಷ್ಟು ಪ್ಯಾನೆಲ್ ಸುರಿದು ಪ್ರಯೋಜನ ಇರಲಿಲ್ಲ.

ದಿಕ್ಕು ಬದಲಾದದ್ದು 2017ರಲ್ಲಿ. ಲಿಹುಯೆ ಪಟ್ಟಣದ ಹತ್ತಿರ ಟೆಸ್ಲಾ 13 ಮೆಗಾವಾಟ್ ಪ್ಯಾನೆಲ್‌ಗಳ ಜೊತೆಗೆ 52 ಮೆಗಾವಾಟ್ ಅವರ್, ಅಂದರೆ 13 ಮೆಗಾವಾಟ್‌ನಂತೆ ನಾಲ್ಕು ಗಂಟೆಗಾಗುವಷ್ಟು ಕರೆಂಟು ಹಿಡಿಯುವ ಬ್ಯಾಟರಿ ಇಟ್ಟಿತು. ಮಧ್ಯಾಹ್ನದ ಬಿಸಿಲನ್ನು ತುಂಬಿಟ್ಟುಕೊಂಡು ಸಂಜೆ ಮಾರುವ ವ್ಯಾಪಾರ, ಯೂನಿಟ್‌ಗೆ 13.9 ಸೆಂಟ್. ಎರಡೇ ವರ್ಷದಲ್ಲಿ ಲಾವಾಯಿಯಲ್ಲಿ ಎಇಎಸ್ ಕಂಪನಿಯ 100 ಮೆಗಾವಾಟ್ ಅವರ್ ಬ್ಯಾಟರಿ ಬಂತು. ದರ ಸುಮಾರು 11 ಸೆಂಟ್‌ಗೆ ಇಳಿಯಿತು. ಪ್ಯಾನೆಲ್ ಅಗ್ಗವಾದದ್ದಕ್ಕಿಂತ ಇದೇ ದೊಡ್ಡ ಸಂಗತಿ ಎಂದು ನನ್ನ ಎಣಿಕೆ. 2019ರಲ್ಲೇ ಸಂಘ ಅರ್ಧದ ಗುರಿ ದಾಟಿತು. ಅದೇ ವರ್ಷದ ಕೊನೆಗೆ ಬಿಸಿಲಿದ್ದ ದಿನಗಳಲ್ಲಿ ಕೆಲವು ಗಂಟೆ ಇಡೀ ದ್ವೀಪ ಎಣ್ಣೆ ಸುಡದೆ ನಡೆಯಿತು.

ಆಗ ಯಾರೂ ಅಷ್ಟಾಗಿ ಲೆಕ್ಕಿಸದಿದ್ದ ಒಂದು ವಿಷಯ ಮುನ್ನೆಲೆಗೆ ಬಂತು. ಎಣ್ಣೆಯ ಜನರೇಟರ್ ಬೀಸುವ ಕಲ್ಲಿನ ಹಾಗೆ: ಕೈ ಬಿಟ್ಟರೂ ತನ್ನ ಭಾರಕ್ಕೆ ಒಂದಿಷ್ಟು ತಿರುಗುತ್ತದೆ, ಗ್ರಿಡ್‌ನ 60 ಹರ್ಟ್ಸ್ ಲಯ, ಅಂದರೆ ಕರೆಂಟು ಸೆಕೆಂಡಿಗೆ ಅರವತ್ತು ಸಲ ಹಿಂದೆಮುಂದೆ ತೂಗುವ ಲಯ, ಥಟ್ಟನೆ ಕುಸಿಯಲು ಬಿಡುವುದಿಲ್ಲ. ಸೌರ ಪ್ಯಾನೆಲ್‌ಗೆ ಆ ಭಾರ ಇಲ್ಲ. ಅದರ ಕರೆಂಟನ್ನು ಗ್ರಿಡ್‌ಗೆ ಹೊಂದುವಂತೆ ಮಾರ್ಪಡಿಸುವ ಇನ್ವರ್ಟರ್ ಗ್ರಿಡ್ ಹಾಕಿದ ತಾಳಕ್ಕೆ ಕುಣಿಯುತ್ತದೆ ಅಷ್ಟೆ. ಅದಕ್ಕೇ ಸಂಘ ಒಂದು ದೊಡ್ಡ ಟರ್ಬೈನಿನ ಜನರೇಟರನ್ನು ಇಂಧನ ಸುಡದೆ ಬರಿದೇ ತಿರುಗಿಸಿಡುವ ಏರ್ಪಾಟು ಮಾಡಿಕೊಂಡಿತು.

2021ರ ನವೆಂಬರ್ 21ರಂದು ದ್ವೀಪಕ್ಕೆ ಆ ಹೊತ್ತಿನ ಅರ್ಧಕ್ಕೂ ಹೆಚ್ಚು ಕರೆಂಟು ಕೊಡುತ್ತಿದ್ದ ಜನರೇಟರ್ ಏಕಾಏಕಿ ನಿಂತಿತು. ಬ್ಯಾಟರಿಗಳು ಧಾವಿಸಿ ಭಾರ ಹೊತ್ತವು, ಗ್ರಿಡ್ ಬೀಳಲಿಲ್ಲ. ಆದರೆ ತಂತಿಗಳಲ್ಲಿ ಸೆಕೆಂಡಿಗೆ ಹದಿನೆಂಟು-ಇಪ್ಪತ್ತು ಸಲದ ತೂಗಾಟ ಸುಮಾರು ಒಂದು ನಿಮಿಷ ನಡೆಯಿತು. ತಾಳಕ್ಕೆ ಕುಣಿಯುವವರೇ ತುಂಬಿ, ತಾಳ ಹಾಕುವವರು ಕಡಿಮೆಯಾದದ್ದರ ಫಲ. ಆಮೇಲೆ ಕೆಲವು ಇನ್ವರ್ಟರ್‌ಗಳಿಗೇ ತಾಳ ಹಾಕುವ ಕೆಲಸ ಒಪ್ಪಿಸುವ ಹಾಗೆ ನಿಯಂತ್ರಣ ಬದಲಿಸಲಾಯಿತು.

2020ರಲ್ಲಿ ದ್ವೀಪದ ವಾರ್ಷಿಕ ವಿದ್ಯುತ್ತಿನ ಸುಮಾರು ಮೂರನೇ ಎರಡು ಭಾಗ ನವೀಕರಿಸಬಹುದಾದ ಮೂಲಗಳಿಂದ ಬಂದಿತ್ತು. 2045ರೊಳಗೆ ಪೂರ್ತಿ ನೂರು ಆಗಬೇಕೆಂದು ಹವಾಯಿಯ ಕಾನೂನು ಹೇಳುತ್ತದೆ. ನಾಲ್ಕೈದು ಗಂಟೆಯ ಬ್ಯಾಟರಿ ಒಂದು ಸಂಜೆಯನ್ನು ದಾಟಿಸುತ್ತದೆ. ಮೋಡ ಮುಸುಕಿ ದಿನಗಟ್ಟಲೆ ಮಳೆ ಹಿಡಿದರೆ ಪೋರ್ಟ್ ಅಲೆನ್‌ನ ಡೀಸೆಲ್ ಎಂಜಿನ್‌ಗಳು ಮತ್ತೆ ಸದ್ದು ಮಾಡುತ್ತವೆ.