‘ಅಯ್ಯೋ ಪಾಪ’ ಅಂದರೆ ‘ಪಾಪಿ’ ಅಂದ ಹಾಗೆಯೇ?

ಪ್ರಶ್ನೆ: ಕಷ್ಟದಲ್ಲಿರುವವರನ್ನು ಕಂಡು ‘ಪಾಪ’ ಅನ್ನುತ್ತೇವಲ್ಲ, ಅವರು ಪಾಪ ಮಾಡಿದ್ದಾರೆ ಎಂದಂತಾಗುವುದಿಲ್ಲವೇ? ಈ ಬಳಕೆ ತಪ್ಪಲ್ಲವೇ?

ಆಗುವುದಿಲ್ಲ. ತಪ್ಪೂ ಅಲ್ಲ. ಎಷ್ಟು ಸಲ ಉತ್ತರಿಸಿದರೂ ಅದೇ ವಾದ ತಿರುಗಿ ಬರುತ್ತದೆ: ‘ಹಿಂದಿನ ಜನ್ಮದ ಪಾಪವನ್ನು ಈಗ ಉಣ್ಣುತ್ತಿದ್ದಾನೆ ಎಂಬ ಅರ್ಥದಲ್ಲೇ ಹಿರಿಯರು ಹಾಗೆನ್ನುತ್ತಿದ್ದರು.’ ಅದಕ್ಕೇ ಇವತ್ತು ಬಿಡಿಸಿಯೇ ಹೇಳುತ್ತೇನೆ.

‘ಅವನು ಪಾಪ ಮಾಡಿದ.’ ‘ಅವನು, ಪಾಪ, ಮಾಡಿದ.’ ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ಮೊದಲನೆಯದರಲ್ಲಿ ಪಾಪ ನಾಮಪದ; ಅವನು ಮಾಡಿದ್ದೇ ಅದನ್ನು. ಎರಡನೆಯದರಲ್ಲಿ ಅವನು ಮಾಡಿದ್ದು ಅಡುಗೆಯೋ ಸಹಾಯವೋ, ಬೇರೇನೋ. ನಡುವೆ ಬಂದ ‘ಪಾಪ’ ಹೇಳುವವರ ಮರುಕ, ‘ಅಯ್ಯೋ’, ‘ಛೆ’ಗಳ ಸಾಲಿನದು. ಎರಡು ಅಲ್ಪವಿರಾಮ ಸಾಕು, ಅರ್ಥವೇ ಬೇರೆಯಾಯಿತು! ಮಾತಿನಲ್ಲಾದರೆ ಅದನ್ನು ದನಿಯೇ ತಿಳಿಸುತ್ತದೆ. ಮೂರು ವರ್ಷದ ಮಗುವೂ ಎಡವುವುದಿಲ್ಲ. ಗೂಡಿನಿಂದ ಬಿದ್ದ ಗುಬ್ಬಿಮರಿಗೆ ‘ಪಾಪ’ ಅನ್ನುವಾಗ ನಾವು ಅದರ ಪೂರ್ವಜನ್ಮ ವಿಚಾರಿಸುತ್ತೇವೆಯೇ?

ಕರಾವಳಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ‘ಅವ ಪಾಪದವ’ ಅಂದರೆ ಸಾಧು, ಯಾರ ತಂಟೆಗೂ ಹೋಗದವನು. ಪಾಪಿಗೆ ತೀರಾ ಎದುರು! ಕನ್ನಡಿಗರೇ ಪದವನ್ನು ಕೆಡಿಸಿದರು ಎನ್ನುವವರು ನೆರೆಹೊರೆಯನ್ನೂ ಕೇಳಲಿ. ತೆಲುಗಿನ ‘ಪಾಪಂ’, ತಮಿಳಿನ ‘ಪಾವಂ’ ಎರಡೂ ಮರುಕಕ್ಕೆ ಒದಗುತ್ತವೆ. ಮಲಯಾಳಿಗಳು ಕೆಡುಕಿಗೆ ‘ಪಾಪಂ’, ಮರುಕಕ್ಕೆ ‘ಪಾವಂ’ ಎಂದು ಒಂದನ್ನೇ ಎರಡಾಗಿ ಸೀಳಿಕೊಂಡಿದ್ದಾರೆ. ಸಂಸ್ಕೃತದಲ್ಲೂ ಪಾಪ ಎಂದರೆ ಬರೀ ದುಷ್ಕೃತ್ಯವಲ್ಲ. ಕೆಟ್ಟ, ಅಶುಭ ಎಂಬರ್ಥವೂ ಉಂಟು. ಜ್ಯೋತಿಷ್ಯದಲ್ಲಿ ಶನಿ, ಕುಜರು ‘ಪಾಪಗ್ರಹ’ಗಳು. ಅವು ಮಾಡಿದ ಪಾಪವಾದರೂ ಯಾವುದು?

ಪ್ರಶ್ನೆಯ ಕೊನೆಗೆ ‘ತಪ್ಪಲ್ಲವೇ’ ಎಂದಿದ್ದೀರಿ. ನನಗೆ ಹೆಚ್ಚು ಇಷ್ಟವಾದ ಪದ ಅದೇ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ತಪ್ಪು ಮೊದಲು ಕ್ರಿಯಾಪದ: ದಾರಿ ತಪ್ಪಿತು, ಬಸ್ಸು ತಪ್ಪಿತು, ಕೊಟ್ಟ ಮಾತಿಗೆ ತಪ್ಪಿದ. ಸೇರಬೇಕಾದಲ್ಲಿಗೆ ಸೇರದಿದ್ದದ್ದು ತಪ್ಪು. ಸಂಸ್ಕೃತದ ‘ಅಪರಾಧ’ದ ಒಳಗೂ ಇದೇ ಚಿತ್ರವಿದೆ. ಬಿಟ್ಟ ಬಾಣ ಗುರಿ ಮುಟ್ಟದ ಬಿಲ್ಲುಗಾರನನ್ನು ಅಮರಕೋಶ ‘ಅಪರಾದ್ಧಪೃಷತ್ಕ’ ಎನ್ನುತ್ತದೆ. ಪೃಷತ್ಕ ಎಂದರೆ ಬಾಣ. ‘ಅಪರಾದ್ಧ’ ಎಂದರೆ, ನಮ್ಮ ಮಾತಿನಲ್ಲೇ ಹೇಳುವುದಾದರೆ, ತಪ್ಪಿದ್ದು.