ಚೀಲದ ಬಾಯಲ್ಲಿರುವ ಮೆಣಸಿನಕಾಯಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಳ್ಳುವ ಅನುಭವಸ್ಥರು ಚೀಲದ ಬಾಯಲ್ಲಿರುವ ಕಾಯಿ ನೋಡಿ ದರ ಹೇಳುವುದಿಲ್ಲ. ಕೈ ಒಳಗೆ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ. ಮುರಿದು ಬಣ್ಣ ನೋಡುತ್ತಾರೆ, ಹಸಿ ಉಳಿದಿದೆಯಾ ಅಂತ ಅಮುಕಿ ನೋಡುತ್ತಾರೆ. ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್‌ಗಳ ಉಚಿತ ಟ್ರಯಲ್‌ನಲ್ಲಿ ಹಾಗೆ ತಳಕ್ಕೆ ಕೈ ಹಾಕಲು ಬರುವುದಿಲ್ಲ. ಸಿಗುವುದು ಮೇಲಿನ ಪದರ ಮಾತ್ರ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ತಂಗಿಯ ಮಗ ದೀಪಾವಳಿ ರಜೆಯಲ್ಲಿ ಇಂಥದೊಂದು ಆಟ ಹಾಕಿಕೊಂಡ. ಮೂರನೇ ದಿನ ಒಂದು ಸೇತುವೆ ಹತ್ತಿರ ತೋಳಗಳು ಮುತ್ತಿದಾಗ ಯಾರೋ ಅಪರಿಚಿತ ಆಟಗಾರ ಬಂದು ಇವನನ್ನು ಉಳಿಸಿದ. ಇವನು ಥ್ಯಾಂಕ್ಸ್ ಅಂತ ಟೈಪ್ ಮಾಡಿದ. ಮೆಸೇಜ್ ಹೋಗಲಿಲ್ಲ. ಟ್ರಯಲ್ ಖಾತೆಯವರಿಗೆ ಈ ಸೌಲಭ್ಯ ಇಲ್ಲ ಎಂಬ ಕೆಂಪು ಸಾಲು ಬಂತು. ಅಷ್ಟರಲ್ಲಿ ಆತ ಗುಡ್ಡದ ಆಚೆ ಹೋಗಿಬಿಟ್ಟಿದ್ದ. “ಮಾಮಾ, ಇಲ್ಲಿ ಬರೇ ಒಬ್ನ ಅಡ್ಡಾಡಬೇಕು ನೋಡ್ರಿ” ಎಂದ ಹುಡುಗ. ಸಂಜೆಗೆ ಆಟ ಬಿಟ್ಟ.

ಈ ಕಟ್ಟುಪಾಡಿಗೆ ಕಾರಣ ಇದೆ. ಪುಕ್ಕಟೆ ಖಾತೆ ಸಾವಿರ ತೆರೆಯಬಹುದು. ಆಟದೊಳಗಿನ ಹಣವನ್ನು ನಿಜವಾದ ದುಡ್ಡಿಗೆ ಮಾರುವವರು ಅಂಥ ಖಾತೆಗಳಿಂದಲೇ ಎಲ್ಲರಿಗೂ ಜಾಹೀರಾತು ಕಳಿಸುತ್ತಾರೆ. ಹಾಗಾಗಿ ಫೈನಲ್ ಫ್ಯಾಂಟಸಿ 14 ಎಂಬ ಆಟದ ಟ್ರಯಲ್‌ನಲ್ಲಿ ಖಾಸಗಿ ಮೆಸೇಜ್ ಕಳಿಸುವಂತಿಲ್ಲ, ಆಟಗಾರರ ಮಾರುಕಟ್ಟೆಗೆ ಪ್ರವೇಶವಿಲ್ಲ, ಕೈಯಲ್ಲಿ 3,00,000 ಗಿಲ್‌ಗಿಂತ (ಗಿಲ್ ಅಂದರೆ ಆ ಆಟದ ಹಣ) ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಕಳ್ಳರಿಗೆ ಹಾಕಿದ ಬೇಲಿ ಹೊಸಬರಿಗೂ ಅಡ್ಡ ಬರುತ್ತದೆ. ಸಾವಿರಾರು ಜನ ಒಟ್ಟಿಗೆ ಆಡುವುದೇ ಈ ಆಟಗಳ ಜೀವಾಳ, ಹೊಸಬನಿಗೆ ಅದೇ ಎಲ್ಲಕ್ಕಿಂತ ಕೊನೆಗೆ ಸಿಗುತ್ತದೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಮೊದಲ ನೋಟ ಸುಲಭಕ್ಕೆ ಅಳಿಸುವುದಿಲ್ಲ. 1946ರಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ಒಬ್ಬ ವ್ಯಕ್ತಿಯ ಗುಣಗಳ ಪಟ್ಟಿ ಓದಿ ಹೇಳಿದರು. ಕೆಲವರಿಗೆ ‘ಬುದ್ಧಿವಂತ, ಶ್ರಮಜೀವಿ’ ಎಂದು ಶುರುಮಾಡಿ ‘ಹಟಮಾರಿ, ಹೊಟ್ಟೆಕಿಚ್ಚಿನವ’ ಎಂದು ಮುಗಿಸಿದರು. ಇನ್ನು ಕೆಲವರಿಗೆ ಅದೇ ಪಟ್ಟಿ, ತಿರುಗುಮುರುಗು. ಒಳ್ಳೆಯದನ್ನು ಮೊದಲು ಕೇಳಿದವರಿಗೆ ಆ ವ್ಯಕ್ತಿ ಹೆಚ್ಚು ಒಳ್ಳೆಯವನಾಗಿ ಕಂಡ. ಮೊದಲು ಕೇಳಿದ ಮಾತು ಆಮೇಲಿನ ಮಾತಿನ ಅರ್ಥವನ್ನೇ ಬದಲಿಸುತ್ತದೆ. ಆಟದ ಮೊದಲ ಗಂಟೆಯಲ್ಲಿ ಒಂಟಿಯಾದವನಿಗೆ ಮುಂದಿನದೂ ಒಂಟಿತನವಾಗಿಯೇ ಕಾಣುತ್ತದೆ, ಅಲ್ವಾ?

ಮಿತಿ ಹೇಗೆ ಹಾಕುತ್ತಾರೆ ಅನ್ನುವುದೂ ಮುಖ್ಯ. ದಿನಗಳ ಲೆಕ್ಕದ ಟ್ರಯಲ್‌ನಲ್ಲಿ ಗಡಿಯಾರ ನಿಲ್ಲುವುದಿಲ್ಲ. ಪರೀಕ್ಷೆ ಬಂತು, ಊರಿಗೆ ಹೋದೆ, ಕರೆಂಟ್ ಇರಲಿಲ್ಲ, ಯಾವುದನ್ನೂ ಅದು ಕೇಳುವುದಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇನ್ನೊಂದು ಆಟ 2011ರಲ್ಲಿ ದಿನದ ಮಿತಿ ತೆಗೆದು 20ನೇ ಹಂತದವರೆಗೆ ಪುಕ್ಕಟೆ ಆಡಲು ಬಿಟ್ಟಿತು. ಫೈನಲ್ ಫ್ಯಾಂಟಸಿ 14 ಕೂಡ 2017ರಲ್ಲಿ 14 ದಿನಗಳ ಗಡುವು ಬಿಟ್ಟು 35ನೇ ಹಂತದ ಮಿತಿ ಹಾಕಿತು. 2020ರಲ್ಲಿ ಅದು 60 ಆಯಿತು, 2023ರಲ್ಲಿ 70. ಇದು ಸರಿಯಾದ ದಾರಿ ಎಂದೇ ನನ್ನ ಅನಿಸಿಕೆ. ಅವಸರ ಇಲ್ಲದವನು ದಾರಿ ಬದಿಯ ಕಥೆಯನ್ನೂ ಕೇಳುತ್ತಾನೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿಗೆ ಧಾರವಾಡದಿಂದ ಅವನ ಗೆಳೆಯ ಬಂದಿದ್ದ. ಅವನು ಆ ಆಟಕ್ಕೆ ದುಡ್ಡು ಕಟ್ಟಿದವನು. ಟ್ರಯಲ್‌ನವನು ತಾನಾಗಿ ಗುಂಪು ಕಟ್ಟುವಂತಿಲ್ಲ, ಆದರೆ ಕರೆದರೆ ಸೇರಬಹುದಂತೆ. ಗೆಳೆಯ ಕರೆದ. ಊರಿಗೆ ಹೋದ ಮೇಲೂ ಬಿಡಲಿಲ್ಲ. ಈಗ ರಾತ್ರಿ ಊಟ ಆದ ಮೇಲೆ ಪಕ್ಕದಲ್ಲಿ ಫೋನ್ ಸ್ಪೀಕರ್‌ಗೆ ಹಾಕಿ ಇಬ್ಬರೂ ಕೂರುತ್ತಾರೆ. “ನಿಂದ್ರೋ, ಸೇತುವೆ ದಾಟಬ್ಯಾಡ, ಬಂದೆ” ಅನ್ನುವುದು ಅಡುಗೆಮನೆವರೆಗೂ ಕೇಳುತ್ತದೆ.