ಕಬ್ಬಿಣ ಗಾಳಿಗಿಂತ ಅಷ್ಟು ಸಾಂದ್ರ, ಆದರೂ ಶಬ್ದ ಅದರಲ್ಲಿ ಬೇಗ ಸಾಗುವುದೇಕೆ?

ಓದುಗರ ಪ್ರಶ್ನೆ: ಶಬ್ದ ಅನಿಲಕ್ಕಿಂತ ದ್ರವದಲ್ಲಿ, ದ್ರವಕ್ಕಿಂತ ಘನವಸ್ತುವಿನಲ್ಲಿ ವೇಗವಾಗಿ ಸಾಗುತ್ತದೆ, ಏಕೆಂದರೆ ಸಾಂದ್ರತೆ ಹೆಚ್ಚು ಎನ್ನುತ್ತಾರೆ. ಆದರೆ ಸೂತ್ರದಲ್ಲಿ ಸಾಂದ್ರತೆ ಛೇದದಲ್ಲಿದೆ, ಅಂದರೆ ಅದು ಹೆಚ್ಚಿದರೆ ವೇಗ ಇಳಿಯಬೇಕು. ಯಾವುದು ಸರಿ?

ಸೂತ್ರವೇ ಸರಿ. "ಸಾಂದ್ರ, ಆದ್ದರಿಂದ ವೇಗ" ಎಂಬ ವಿವರಣೆ ಎಷ್ಟೇ ಪ್ರಚಲಿತವಾಗಿದ್ದರೂ ತಪ್ಪು.

ಶಬ್ದ ಸಾಗುವಾಗ ಮಾಧ್ಯಮದ, ಅಂದರೆ ಅದು ಹಾದುಹೋಗುವ ವಸ್ತುವಿನ, ಒಂದು ಪದರ ಪಕ್ಕದ ಪದರವನ್ನು ಒತ್ತುತ್ತದೆ, ಅದು ಮುಂದಿನದನ್ನು ಒತ್ತುತ್ತದೆ. ಕಣಗಳು ಇದ್ದಲ್ಲೇ ಹಿಂದೆ ಮುಂದೆ ಅಲುಗುತ್ತವೆ, ಒತ್ತಡವಷ್ಟೇ ಮುಂದಕ್ಕೆ ಸಾಗುತ್ತದೆ. ಇದು ಎಷ್ಟು ಬೇಗ ನಡೆಯುತ್ತದೆ ಎಂಬುದು ಎರಡು ಗುಣಗಳ ಕೈಯಲ್ಲಿದೆ. ಒಂದು, ಒತ್ತಿದರೆ ಸುಲಭಕ್ಕೆ ಮಣಿಯದ ಪೆಡಸುತನ. ಪಠ್ಯಪುಸ್ತಕಗಳು ಇದನ್ನು ಸ್ಥಿತಿಸ್ಥಾಪಕ ಗುಣಾಂಕದಿಂದ ಅಳೆಯುತ್ತವೆ. ಇನ್ನೊಂದು ಸಾಂದ್ರತೆ, ಅಂದರೆ ಅಲುಗಿಸಬೇಕಾದ ಭಾರ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಗಾಳಿಗಿಂತ ಸುಮಾರು 830 ಪಟ್ಟು ಸಾಂದ್ರ. ಇದೊಂದೇ ಲೆಕ್ಕಕ್ಕೆ ಬಂದಿದ್ದರೆ ನೀರಿನಲ್ಲಿ ಶಬ್ದ ತೆವಳುತ್ತಿತ್ತು. ಆದರೆ ನೀರಿನ ಪೆಡಸುತನ ಗಾಳಿಯದಕ್ಕಿಂತ ಸುಮಾರು 15,500 ಪಟ್ಟು ಹೆಚ್ಚು. ಭಾಗಿಸಿದರೆ ಸುಮಾರು 18.7, ಅದರ ವರ್ಗಮೂಲ 4.3. ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್ ಸಾಗುವ ಶಬ್ದ ನೀರಿನಲ್ಲಿ ಸುಮಾರು 1,480 ಮೀಟರ್ ಸಾಗುವುದು ಇದರಿಂದಲೇ.

ಸೀಸವನ್ನು ನೋಡಿದರೆ ಅನುಮಾನ ಪೂರ್ತಿ ಹೋಗುತ್ತದೆ. ಅದರ ಸಾಂದ್ರತೆ ಘನ ಮೀಟರಿಗೆ 11,340 ಕಿಲೋಗ್ರಾಂ, ಉಕ್ಕಿನದು 7,850. ಹಾಗಿದ್ದೂ ತೆಳು ಸಲಾಕೆಯ ಉದ್ದಕ್ಕೆ ಶಬ್ದದ ವೇಗ ಉಕ್ಕಿನಲ್ಲಿ ಸುಮಾರು 5,050 ಮೀಟರ್, ಸೀಸದಲ್ಲಿ ಬರೀ 1,200 ಮೀಟರ್ ಆಸುಪಾಸು, ನೀರಿಗಿಂತಲೂ ಕಡಿಮೆ. ಸೀಸ ಮೆತು ಲೋಹ, ಭಾರವೂ ಜಾಸ್ತಿ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನದರ ಸುಮಾರು ಮೂರನೇ ಒಂದರಷ್ಟು, ಪೆಡಸುತನವೂ ಹೆಚ್ಚುಕಡಿಮೆ ಮೂರನೇ ಒಂದರಷ್ಟೇ. ಹಾಗಾಗಿ ಎರಡರಲ್ಲೂ ವೇಗ ಬಹುತೇಕ ಒಂದೇ.

ಪುಸ್ತಕಗಳಲ್ಲಿ ಉಕ್ಕಿಗೆ ಕೆಲವೆಡೆ 5,050, ಕೆಲವೆಡೆ 5,900 ಎಂದಿರುವುದು ಅಚ್ಚಿನ ತಪ್ಪಲ್ಲ. ದಪ್ಪ ಗಟ್ಟಿಯನ್ನು ಒತ್ತಿದಾಗ ಅದು ಪಕ್ಕಕ್ಕೆ ಉಬ್ಬಲು ಜಾಗವಿಲ್ಲದೆ ಇನ್ನಷ್ಟು ಪೆಡಸಾಗುತ್ತದೆ, ವೇಗವೂ ಏರುತ್ತದೆ. ಕಿವಿಗೆ ಕೇಳಿಸದ ಶ್ರವಣಾತೀತ ತರಂಗದಿಂದ (ಅಲ್ಟ್ರಾಸೌಂಡ್) ದಪ್ಪ ಅಳೆಯುವ ಉಪಕರಣ ಬಳಸುವವರಿಗೆ ಇದು ಮುಖ್ಯ. ಅದು ಅಳೆಯುವುದು ಪ್ರತಿಧ್ವನಿಯ ಸಮಯವನ್ನು. ವೇಗವನ್ನು ನಾವೇ ಕೊಡಬೇಕು. ಉಕ್ಕಿನ 5,920 ಹಾಗೇ ಬಿಟ್ಟು, ವೇಗ ಸುಮಾರು 4,700 ಇರುವ ತಾಮ್ರವನ್ನು ಅಳೆದರೆ 10 ಮಿಲಿಮೀಟರಿನ ತಗಡು 12.6 ಎಂದು ತೋರಿಸುತ್ತದೆ.

ಅನಿಲಗಳಲ್ಲೂ ಇದೇ ನಿಯಮ. ಒತ್ತಡ ಹೆಚ್ಚಿದರೆ ಗಾಳಿಯ ಪೆಡಸುತನ, ಸಾಂದ್ರತೆ ಎರಡೂ ಒಟ್ಟಿಗೆ ಏರಿ ಪರಿಣಾಮ ರದ್ದಾಗುತ್ತದೆ. ಉಷ್ಣತೆ ಏರಿದರೆ ಮಾತ್ರ ಡಿಗ್ರಿಗೆ ಸುಮಾರು 0.6 ಮೀಟರ್ ವೇಗ ಹೆಚ್ಚುತ್ತದೆ. ಗಾಳಿಯ ಏಳನೇ ಒಂದರಷ್ಟು ಸಾಂದ್ರತೆಯ ಹೀಲಿಯಂನಲ್ಲಿ ವೇಗ ಸುಮಾರು 1,000 ಮೀಟರ್.

ದ್ರವ ಮತ್ತು ಅನಿಲ ಬೆರೆತಾಗ ಸಿಗುವ ಫಲಿತಾಂಶ ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಿರಬೇಕಾದದ್ದು. ಗುಳ್ಳೆ ತುಂಬಿದ ನೀರಿನಲ್ಲಿ ಶಬ್ದ ನೀರಿಗಿಂತ ಮಾತ್ರವಲ್ಲ, ಗಾಳಿಗಿಂತಲೂ ನಿಧಾನ. ಗುಳ್ಳೆಗಳಿಂದ ಮೆತ್ತಗಿನ ಗುಣ ಬಂತು, ನೀರಿನಿಂದ ಭಾರ ಬಂತು. ಅರ್ಧಕ್ಕರ್ಧ ಬೆರೆತರೆ ವೇಗ ಸೆಕೆಂಡಿಗೆ ಸುಮಾರು 20 ಮೀಟರಿಗೆ ಕುಸಿಯುತ್ತದೆ. ಇದನ್ನು ನೀವೇ ಕೇಳಬಹುದು. ಪಿಂಗಾಣಿ ಲೋಟಕ್ಕೆ ಬಿಸಿ ನೀರು ಹಾಕಿ, ತಕ್ಷಣ ಕರಗುವ ಕಾಫಿ ಪುಡಿ ಒಂದು ಚಮಚ ಹಾಕಿ ಕಲಕಿ. ಆಮೇಲೆ ಕಲಕುವುದನ್ನು ನಿಲ್ಲಿಸಿ, ಚಮಚದ ತುದಿಯಿಂದ ಲೋಟದ ಒಳತಳವನ್ನು ಒಂದೇ ಸಮನೆ ತಟ್ಟುತ್ತಿರಿ. ಮೊದಲು ಮಂದ್ರವಾಗಿದ್ದ ಸ್ವರ, ಗುಳ್ಳೆಗಳು ಮೇಲೆದ್ದು ಹೋದಂತೆ ಏರುತ್ತಾ ಹೋಗುತ್ತದೆ. ಮತ್ತೆ ಕಲಕಿದರೆ ಮತ್ತೆ ಇಳಿಯುತ್ತದೆ. ಬಹಳ ಹೊತ್ತು ಕುದಿಸಿದ ನೀರಾದರೆ ಬದಲಾವಣೆ ಅಷ್ಟಾಗಿ ಕೇಳಿಸದು, ಕರಗಿದ್ದ ಗಾಳಿ ಮೊದಲೇ ಹೊರಹೋಗಿರುತ್ತದೆ.

ಘನವಸ್ತುವಿನ ವೇಗವನ್ನು ಫ್ರಾನ್ಸಿನ ಭೌತವಿಜ್ಞಾನಿ ಬಿಯೋ 1808ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಸುಮಾರು 950 ಮೀಟರ್ ಉದ್ದದ ಎರಕದ ಕಬ್ಬಿಣದ ಕೊಳವೆಯಿಂದ ಅಳೆದರು. ಒಂದು ತುದಿಗೆ ಬಡಿದರೆ ಇನ್ನೊಂದು ತುದಿಯಲ್ಲಿ ಎರಡು ಸದ್ದು: ಮೊದಲು ಲೋಹದ ಮೂಲಕ, ಸುಮಾರು ಎರಡೂವರೆ ಸೆಕೆಂಡಿನ ನಂತರ ಒಳಗಿನ ಗಾಳಿಯ ಮೂಲಕ. ಇದನ್ನು ಚಿಕ್ಕದಾಗಿ ಮಾಡಲೂ ಸಾಕಷ್ಟು ಉದ್ದದ ಕೊಳವೆ ಬೇಕು. ತೀರಾ ಗಿಡ್ಡವಾದರೆ ಎರಡು ಸದ್ದು ಕಿವಿಗೆ ಒಂದಾಗಿಬಿಡುತ್ತವೆ. ನಡುವೆ ರಬ್ಬರಿನ ಜೋಡಣೆ ಇದ್ದರೆ ಲೋಹದ ಸದ್ದು ಅಲ್ಲೇ ಸಾಯುತ್ತದೆ.

ಕೊನೆಯದಾಗಿ, ವೇಗ ಬೇರೆ, ಜೋರು ಬೇರೆ. ಮೇಜಿಗೆ ಕಿವಿಯಿಟ್ಟಾಗ ದೂರದ ತುದಿಯನ್ನು ಗೀರಿದ ಸದ್ದು ಜೋರಾಗಿ ಕೇಳುವುದು ಮರದಲ್ಲಿ ವೇಗ ಹೆಚ್ಚೆಂದಲ್ಲ. ಸದ್ದು ಅಲ್ಲಿ ಎಲ್ಲ ದಿಕ್ಕಿಗೂ ಹರಡಿ ಹೋಗುವುದಿಲ್ಲ, ಮರದಿಂದ ಗಾಳಿಗೆ ದಾಟುವ ನಷ್ಟವೂ ತಪ್ಪುತ್ತದೆ. ಈ ನಷ್ಟ ಸಣ್ಣದಲ್ಲ: ಗಾಳಿಯಿಂದ ನೀರಿಗೆ ನೇರವಾಗಿ ಬೀಳುವ ಶಬ್ದಶಕ್ತಿಯಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ ಒಳಹೋಗುತ್ತದೆ, ಉಳಿದದ್ದು ಮೇಲ್ಮೈಯಿಂದ ಹಿಂದಿರುಗುತ್ತದೆ. ಅಲ್ಟ್ರಾಸೌಂಡ್ ಸ್ಕ್ಯಾನಿಗೆ ಮುನ್ನ ಚರ್ಮಕ್ಕೆ ಜೆಲ್ ಹಚ್ಚುವುದು ಇದಕ್ಕಾಗಿಯೇ. ಜೆಲ್ ಸಾಲದೆ ಎಲ್ಲಾದರೂ ಗಾಳಿಯ ತೆಳು ಪದರ ಉಳಿದರೆ, ಪರದೆಯ ಮೇಲೆ ಅದರ ಕೆಳಗಿನ ಭಾಗ ಕಪ್ಪಾಗಿ ಕಾಣುತ್ತದೆ.